ಬೈಜಾಂಟೈನರ ಊಟ ಮತ್ತು ಎರಡು ಸಲ ಬೇಯಬೇಕಾದ ಬ್ರೆಡ್

ಬೈಜಾಂಟೈನ್ ಸಾಮ್ರಾಜ್ಯ ಎಂದೊಡನೆ ನಿಮಗೆ ಶಾಲೆಯ ಇತಿಹಾಸ ಪಾಠದ ಒಂದು ಇಸವಿ ನೆನಪಾಗಬಹುದು: 1453, ಅಂದರೆ ಕಾನ್‌ಸ್ಟಾಂಟಿನೋಪಲ್ ನಗರ ತುರ್ಕರ ವಶವಾದ ವರ್ಷ. ಆ ನಗರ ಉದ್ಘಾಟನೆಯಾದದ್ದು 330ರಲ್ಲಿ. ನಡುವಿನ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅಲ್ಲಿಯ ಜನ ಏನು ತಿನ್ನುತ್ತಿದ್ದರು ಎಂದು ಪಠ್ಯಪುಸ್ತಕಗಳು ಹೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದರೆ ಭೌತವಿಜ್ಞಾನದವರಿಗೂ ಅಲ್ಲಿ ಸಾಕಷ್ಟು ಕೆಲಸ ಸಿಗುತ್ತದೆ.

ಅವರ ಊಟದ ಆಧಾರ ಬ್ರೆಡ್. ಜೊತೆಗೆ ಆಲಿವ್, ಚೀಸ್, ಬೇಳೆಕಾಳು, ಮೀನು ಮತ್ತು ದ್ರಾಕ್ಷಾರಸ. ರಾಜಧಾನಿಗೆ ಬೇಕಾದ ಗೋಧಿ ಈಜಿಪ್ಟಿನಿಂದ ಹಡಗುಗಳಲ್ಲಿ ಬರುತ್ತಿತ್ತು. ಆದರೆ ನಗರದ ಹೆಬ್ಬಾಗಿಲಿನಂತಿರುವ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಎದುರುಗಾಳಿ ಮತ್ತು ಎದುರು ಪ್ರವಾಹ ಎರಡೂ ಇವೆ. ಕಪ್ಪು ಸಮುದ್ರದ ನೀರಿಗೆ ಉಪ್ಪು ಕಡಿಮೆ, ಸಾಂದ್ರತೆಯೂ ಕಡಿಮೆ. ಆದ್ದರಿಂದ ಅದು ಮೇಲ್ಪದರದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಭಾರವಾದ ಉಪ್ಪುನೀರು ಕೆಳಗಿನಿಂದ ಉತ್ತರಕ್ಕೆ ನುಗ್ಗುತ್ತದೆ. ಹಡಗುಗಳು ವಾರಗಟ್ಟಲೆ ಕಾಯುವ ಬದಲು ಗೋಧಿ ಇಳಿಸಿ ಮತ್ತೊಂದು ಸಲ ಈಜಿಪ್ಟಿಗೆ ಹೋಗಿ ಬರಲೆಂದು ಚಕ್ರವರ್ತಿ ಜಸ್ಟಿನಿಯನ್ ಟೆನೆಡೋಸ್ ದ್ವೀಪದಲ್ಲಿ ದೊಡ್ಡ ಕಣಜವೊಂದನ್ನು ಕಟ್ಟಿಸಿದ. ನಗರವಾಸಿಗಳಿಗೆ ಹಿಂದಿನಿಂದ ನಡೆದುಬಂದಿದ್ದ ಉಚಿತ ಬ್ರೆಡ್ ವಿತರಣೆ, ಪರ್ಷಿಯನ್ನರು ಈಜಿಪ್ಟಿನ ಮೇಲೆ ಬಿದ್ದ ಹೊತ್ತಿನಲ್ಲಿ, 618ರಲ್ಲಿ ನಿಂತುಹೋಯಿತು.

ಈಗ 533ರ ಬೇಸಗೆಗೆ ಬನ್ನಿ. ಸೇನಾಪತಿ ಬೆಲಿಸೇರಿಯಸ್ 10,000 ಕಾಲಾಳು, 5,000 ಕುದುರೆ ಸವಾರರು ಮತ್ತು 500 ಹಡಗುಗಳೊಡನೆ ಉತ್ತರ ಆಫ್ರಿಕದ ವ್ಯಾಂಡಲರ ಮೇಲೆ ಹೊರಟ. ಇತಿಹಾಸಕಾರ ಪ್ರೊಕೋಪಿಯಸ್ ಸ್ವತಃ ಆ ಹಡಗುಪಡೆಯಲ್ಲಿದ್ದ. ಅವನು ಬರೆದಿಟ್ಟ ಸಂಗತಿ ಇದು. ಸೈನಿಕರ ಬ್ರೆಡ್ಡನ್ನು ಎರಡು ಸಲ ಒಲೆಗೆ ಹಾಕಬೇಕು, ಆಗಲೇ ಅದು ಬಹುದಿನ ಕೆಡದೆ ಉಳಿಯುತ್ತದೆ. ನಮ್ಮ ಬೇಕರಿಯ ರಸ್ಕ್ ಮಾಡುವ ವಿಧಾನವೂ ಇದೇ. ಹೀಗೆ ಬೇಯಿಸಿದ್ದು ಹಗುರವಾಗುವುದರಿಂದ ಸೈನಿಕರಿಗೆ ವಾಡಿಕೆಯ ತೂಕಕ್ಕಿಂತ ನಾಲ್ಕನೇ ಒಂದು ಭಾಗ ಹೆಚ್ಚಾಗಿ ಕೊಡುತ್ತಿದ್ದರು. ಸರಬರಾಜಿನ ಹೊಣೆ ಹೊತ್ತಿದ್ದ ಅಧಿಕಾರಿ ಕಪಡೋಸಿಯದ ಜಾನ್ ಲೆಕ್ಕದಲ್ಲಿ ಬಹಳ ಜಾಣ. ಸೌದೆ ಉಳಿಯಬೇಕು, ಬೇಯಿಸುವವರ ಕೂಲಿ ಉಳಿಯಬೇಕು, ತೂಕವೂ ಇಳಿಯಬಾರದು! ಅವನು ಹಿಟ್ಟಿನ ಮುದ್ದೆಗಳನ್ನು ಅಕಿಲೀಸ್ ಎಂಬ ಸಾರ್ವಜನಿಕ ಸ್ನಾನಗೃಹಕ್ಕೆ ಕಳಿಸಿ, ನೀರು ಕಾಯಿಸುವ ಒಲೆಯ ಬಳಿ ಇಡಿಸಿದ. ಬೆಂದಂತೆ ಕಂಡಾಗ ಚೀಲಗಳಿಗೆ ತುಂಬಿ ಹಡಗಿಗೆ ಹೇರಿಸಿದ.

ಹಡಗುಗಳು ಗ್ರೀಸಿನ ಮೆಥೋನೆ ಮುಟ್ಟುವ ಹೊತ್ತಿಗೆ ಬ್ರೆಡ್ ಪುಡಿಯಾಗಿ, ಕೊಳೆತು, ಬೂಸ್ಟು ಹಿಡಿದಿತ್ತು. ಅದನ್ನು ಪಾತ್ರೆಯಲ್ಲಿ ಅಳೆದು ಕೊಟ್ಟರು. ಬಿರುಬಿಸಿಲಿನಲ್ಲಿ ಅದನ್ನೇ ತಿಂದ ಸೈನಿಕರಲ್ಲಿ 500ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸತ್ತರು. ಶತ್ರುವಿನ ಮುಖವನ್ನೇ ಅವರು ಇನ್ನೂ ನೋಡಿರಲಿಲ್ಲ. ಬೆಲಿಸೇರಿಯಸ್ ಆ ಬ್ರೆಡ್ ನಿಲ್ಲಿಸಿ ಊರಿನ ಬ್ರೆಡ್ ತರಿಸಿದ, ಚಕ್ರವರ್ತಿಗೆ ದೂರು ಬರೆದ. ಚಕ್ರವರ್ತಿ ಅವನನ್ನು ಮೆಚ್ಚಿಕೊಂಡ. ಜಾನ್‌ಗೆ ಮಾತ್ರ ಆಗ ಶಿಕ್ಷೆಯಾಗಲಿಲ್ಲ.

ಜಾನ್ ಉಳಿಸಿದ್ದಾದರೂ ಎಷ್ಟು? 1 ಕಿಲೋಗ್ರಾಂ ಬ್ರೆಡ್ಡಿನಿಂದ 250 ಗ್ರಾಂ ನೀರು ಹೊರಹೋಗಬೇಕು ಎಂದಿಟ್ಟುಕೊಳ್ಳಿ. ನೀರಿನ ಆವೀಕರಣದ ಗುಪ್ತೋಷ್ಣ ಗ್ರಾಮಿಗೆ ಸುಮಾರು 2260 ಜೂಲ್. ಆಗ ಬೇಕಾಗುವ ಶಕ್ತಿ ಸುಮಾರು 5,65,000 ಜೂಲ್. ಒಣಸೌದೆ ಕಿಲೋಗ್ರಾಮಿಗೆ ಸುಮಾರು 150 ಲಕ್ಷ ಜೂಲ್ ಕೊಡುತ್ತದೆ. ಶಾಖವೆಲ್ಲ ಬ್ರೆಡ್ಡಿಗೇ ಹೋಗುವುದಾದರೆ 40 ಗ್ರಾಂ ಸೌದೆ ಸಾಕು. ನಿಜವಾದ ಒಲೆಯಲ್ಲಿ ಇದರ ಹಲವು ಪಟ್ಟು ಬೇಕು, ಏಕೆಂದರೆ ಬಹುಪಾಲು ಶಾಖ ಗೋಡೆಗೂ ಗಾಳಿಗೂ ಹೋಗುತ್ತದೆ. ಉಳಿತಾಯ ಸುಳ್ಳೇನಲ್ಲ. ಆದರೆ ಮೇಲಿನ ಪದರ ಕಂದಾದರೂ ಒಳಗೆ ನೀರಿರುವಷ್ಟು ಕಾಲ ಒಳಗಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ತಾಜಾ ಬ್ರೆಡ್ಡಿನ ತೂಕದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಭಾಗ ನೀರೇ. ಬೂಸ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ. ಅವಕ್ಕೆ ಬೇಕಾದದ್ದು ಈ ತೇವ. ತರಗತಿಯಲ್ಲಿ ಬ್ರೆಡ್ಡಿನ ಒಂದು ಹೋಳನ್ನೂ ಒಂದು ರಸ್ಕನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಮುಚ್ಚಿಟ್ಟು ಒಂದು ವಾರ ನೋಡಿ. ಮುಚ್ಚಳ ಮಾತ್ರ ತೆರೆಯಬೇಡಿ.

ಅರಮನೆಯ ಊಟ ಬೇರೆಯೇ ಲೋಕ. ಇಟಲಿಯ ಲ್ಯೂಟ್‌ಪ್ರಾಂಡ್ 949ರಲ್ಲಿ ಅಲ್ಲಿಗೆ ರಾಯಭಾರಿಯಾಗಿ ಹೋಗಿದ್ದ. ಹಣ್ಣು ತುಂಬಿದ ಚಿನ್ನದ ಪಾತ್ರೆಗಳು ಆಳುಗಳು ಹೊರಲಾರದಷ್ಟು ಭಾರವಿದ್ದುದರಿಂದ ಅವನ್ನು ಗಾಡಿಯಲ್ಲಿ ತಂದು, ಚಾವಣಿಯಿಂದ ಇಳಿಬಿಟ್ಟ ಹಗ್ಗಗಳಿಂದ ಎತ್ತಿ ಮೇಜಿಗಿಡುತ್ತಿದ್ದರಂತೆ. 968ರಲ್ಲಿ ಮತ್ತೆ ಹೋದಾಗ ಅವನಿಗೆ ಎಲ್ಲವೂ ಕಹಿ. ಬೆಳ್ಳುಳ್ಳಿ, ಈರುಳ್ಳಿ ತುಂಬಿ ಮೀನಿನ ರಸ ಸುರಿದ ಆಡಿನ ಮಾಂಸವನ್ನು ಹಳಿದಿದ್ದಾನೆ. ದ್ರಾಕ್ಷಾರಸಕ್ಕೆ ರಾಳ ಬೆರೆಸುತ್ತಾರೆಂದು ದೂರಿದ್ದಾನೆ. ರಾಜಕೀಯ ಸಂಧಾನ ಮುರಿದುಬಿದ್ದವನ ನಾಲಿಗೆಯನ್ನು ಪೂರ್ತಿ ನಂಬುವುದು ಕಷ್ಟ. ಆ ಮೀನಿನ ರಸದ ಹೆಸರು ಗಾರೋಸ್. ಮೀನಿಗೆ ಹೇರಳ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಇಟ್ಟರೆ ಮೀನಿನ ಕರುಳಿನ ಕಿಣ್ವಗಳೇ ಪ್ರೋಟೀನನ್ನು ಒಡೆದು ರುಚಿಯ ದ್ರವವಾಗಿಸುತ್ತವೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಉಪ್ಪು ನೀರು ಸಿಗಗೊಡುವುದಿಲ್ಲ. ರಸ್ಕಿನಲ್ಲಿ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತದೆ.

ಅವರ ಅಡುಗೆಗೆ ಕರಿಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಆರನೆಯ ಶತಮಾನದ ಕಾಸ್ಮಾಸ್ ಎಂಬ ವರ್ತಕ ಮೆಣಸಿನ ಬಂದರುಗಳ ಪಟ್ಟಿಯಲ್ಲಿ ಹೇಳುವ ‘ಮಂಗರೂಥ್’ ಮಂಗಳೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಜಾನ್‌ನಂಥವರ ಜಾಣತನಕ್ಕೆ ಕಡಿವಾಣವೂ ಮುಂದೆ ಬಂತು. ಹತ್ತನೆಯ ಶತಮಾನದ ಆರಂಭದ ‘ಎಪಾರ್ಕನ ಗ್ರಂಥ’ ರಾಜಧಾನಿಯ ಕಸುಬುದಾರರ ನಿಯಮಾವಳಿ. ಗೋಧಿಯ ಬೆಲೆ ಏರಿದಾಗ ಅಥವಾ ಇಳಿದಾಗ ಬ್ರೆಡ್ ಮಾಡುವವರು ನಗರಾಧಿಕಾರಿಯ ಬಳಿ ಹೋಗಿ ಬ್ರೆಡ್ಡಿನ ತೂಕ ಎಷ್ಟಿರಬೇಕೆಂದು ನಿಗದಿ ಮಾಡಿಸಿಕೊಳ್ಳಬೇಕು. ಒಲೆಗಳು ಬೆಂಕಿಯ ಅಪಾಯವಿಲ್ಲದ ಜಾಗದಲ್ಲಿರಬೇಕು. ಬ್ರೆಡ್ ಮಾಡುವ ಕೆಲಸ ಒಂದು ದಿನವೂ ನಿಲ್ಲಬಾರದೆಂದು ಅವರನ್ನೂ ಅವರ ದುಡಿಮೆಯ ಪ್ರಾಣಿಗಳನ್ನೂ ಸರ್ಕಾರಿ ಬಿಟ್ಟಿ ಕೆಲಸಕ್ಕೆ ಕರೆಯುವಂತಿರಲಿಲ್ಲ.