ತಳ್ಳಿದ್ದು ಯಾರು?



ಆಫೀಸಿಗೆ ಹೊರಟ ಬಸ್ಸು ವೇಗವಾಗಿ ತಿರುವು ತೆಗೆದುಕೊಂಡಾಗ ನೀವು ಪಕ್ಕದವರ ಮೇಲೆ ವಾಲುತ್ತೀರಿ. ಯಾರೋ ಹೊರಕ್ಕೆ ತಳ್ಳಿದ ಹಾಗಾಗುತ್ತದೆ, ಅಲ್ಲವೇ? ಹದಿನೇಳನೆಯ ಶತಮಾನದ ಮಹಾ ಪಂಡಿತರಿಗೂ ಹಾಗೆಯೇ ಅನಿಸಿತ್ತು.

ಹಾಲೆಂಡಿನ ಕ್ರಿಶ್ಚಿಯಾನ್ ಹೈಗನ್ಸ್ 1659ರಲ್ಲಿ ಇದರ ಲೆಕ್ಕ ಹಾಕಿದ. ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸಿ ನೋಡಿ, ಹಗ್ಗ ಬಿಗಿಯುತ್ತದೆ. ವೇಗ ಎರಡು ಪಟ್ಟಾದರೆ ಬಿಗಿತ ನಾಲ್ಕು ಪಟ್ಟು. ವೇಗ ಅಷ್ಟೇ ಇದ್ದು ಹಗ್ಗದ ಉದ್ದ ಎರಡು ಪಟ್ಟಾದರೆ ಬಿಗಿತ ಅರ್ಧ. ಕಲ್ಲು ಹೊರಗೆ ಹೋಗಲು ಹವಣಿಸುತ್ತದೆಂದು ಭಾವಿಸಿ, ಇದಕ್ಕೆ 'ಕೇಂದ್ರದಿಂದ ಓಡುವ ಬಲ' ಎಂಬರ್ಥದ ಲ್ಯಾಟಿನ್ ಹೆಸರಿಟ್ಟ. ಲೆಕ್ಕ ಸರಿಯಾಗಿಯೇ ಇತ್ತು. ನೋಟ ಮಾತ್ರ ಹೊರಮುಖವಾಗಿತ್ತು.

ಆ ನೋಟವನ್ನು ಒಳಕ್ಕೆ ತಿರುಗಿಸಿದ್ದು ಒಂದು ಕಾಗದ. 1679ರ ನವೆಂಬರಿನಲ್ಲಿ ಲಂಡನ್ನಿನ ರಾಬರ್ಟ್ ಹುಕ್ ನ್ಯೂಟನ್ನನಿಗೆ ಬರೆದ: ಗ್ರಹಗಳ ಸುತ್ತಾಟದಲ್ಲಿ ಎರಡು ಚಲನೆಗಳು ಕೂಡಿವೆ, ಒಂದು ನೇರ ಓಟ, ಇನ್ನೊಂದು ಸೂರ್ಯನತ್ತ ಸೆಳೆತ, ಹೀಗೆಂದರೆ ನಿಮ್ಮ ಅಭಿಪ್ರಾಯವೇನು? ಅದುವರೆಗೆ ನ್ಯೂಟನ್ನನೂ ಹೊರಗೆ ಓಡುವ ಹವಣಿಕೆಯ ಮಾತನ್ನೇ ಆಡುತ್ತಿದ್ದ.

1684ರಲ್ಲಿ ಎಡ್ಮಂಡ್ ಹ್ಯಾಲಿಗೆ ಕಳಿಸಿದ ಬರಹದಲ್ಲಿ ನ್ಯೂಟನ್ ಹೊಸ ಹೆಸರು ಬಳಸಿದ. ಅದೇ ನಮ್ಮ ಪಠ್ಯಪುಸ್ತಕಗಳ 'ಕೇಂದ್ರಾಭಿಮುಖ ಬಲ'. ವೇಗ ಹೆಚ್ಚದೆ ದಿಕ್ಕು ಮಾತ್ರ ಬದಲಾದರೂ ಅದು ವೇಗೋತ್ಕರ್ಷವೇ, ಅದು ಒಳಮುಖವಾದದ್ದು. ನೇರ ಹೋಗಬೇಕಾದ ಚಂದ್ರ ಒಂದು ನಿಮಿಷದಲ್ಲಿ ಭೂಮಿಯತ್ತ ಬೀಳುವುದು ಸುಮಾರು 4.9 ಮೀಟರ್. ಇಲ್ಲಿ ಕೈಬಿಟ್ಟ ಕಲ್ಲು ಒಂದೇ ಸೆಕೆಂಡಿನಲ್ಲಿ ಅಷ್ಟು ಬೀಳುತ್ತದೆ. ಚಂದ್ರನಿರುವುದು ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿ. ಅಲ್ಲಿ ಸೆಳೆತ 3600ರಲ್ಲಿ ಒಂದು ಪಾಲು. ಲೆಕ್ಕ ತಾಳೆಯಾಯಿತು! ಕಲ್ಲನ್ನು ಬೀಳಿಸುವ ಬಲವೇ ಚಂದ್ರನನ್ನೂ ಸುತ್ತಿಸುತ್ತಿತ್ತು.

ಆದರೆ 1686ರಲ್ಲಿ, ದೂರದ ವರ್ಗಕ್ಕೆ ತಕ್ಕಂತೆ ಸೆಳೆತ ಕುಗ್ಗುವ ನಿಯಮ ತನ್ನದೆಂದು ಹುಕ್ ಪಟ್ಟುಹಿಡಿದ. ಸಿಟ್ಟಾದ ನ್ಯೂಟನ್ ಗ್ರಂಥದ ಮೂರನೆಯ ಭಾಗವನ್ನೇ ತಡೆಹಿಡಿಯುವೆನೆಂದ. ಚಂದ್ರನ ಲೆಕ್ಕ ಇದ್ದದ್ದು ಅದರಲ್ಲೇ! ಹ್ಯಾಲಿ ಸಮಾಧಾನಪಡಿಸಿ, ತನ್ನ ಖರ್ಚಿನಲ್ಲೇ 1687ರಲ್ಲಿ 'ಪ್ರಿನ್ಸಿಪಿಯಾ' ಅಚ್ಚು ಹಾಕಿಸಿದ. ಲೆಕ್ಕ ಮಾಡಿ ತೋರಿಸಿದ್ದು ನ್ಯೂಟನ್, ನಿಜ. ದಾರಿ ತೋರಿದ ಕಾಗದ ಹುಕ್‌ನದು ಎಂಬುದೂ ಅಷ್ಟೇ ನಿಜ.

ನಾಳೆ ಬಸ್ಸು ತಿರುಗಿದಾಗ ನೆನಪಿಸಿಕೊಳ್ಳಿ. ನಿಮ್ಮನ್ನು ಯಾರೂ ಹೊರಕ್ಕೆ ತಳ್ಳುತ್ತಿಲ್ಲ. ನಿಮ್ಮ ದೇಹ ನೇರ ಹೋಗುತ್ತಿದೆ, ಅಷ್ಟೇ. ನೀವು ಹಿಡಿದ ಕಂಬಿಯೇ ನಿಮ್ಮನ್ನು ಒಳಕ್ಕೆ ಎಳೆಯುತ್ತಿದೆ. ಗಟ್ಟಿಯಾಗಿ ಹಿಡಿದುಕೊಳ್ಳಿ!