ಅಪೆಂಡಿಕ್ಸ್‌ಗೆ ಕತ್ತರಿ ಬಿದ್ದ ಬಗೆ
ಅಪೆಂಡಿಕ್ಸ್ ತೆಗೆದ ಮೊದಲ ಶಸ್ತ್ರಚಿಕಿತ್ಸೆಯ ದಾಖಲೆ 1735ರದು. ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ 11 ವರ್ಷದ ಹುಡುಗನ ಹರ್ನಿಯಾ ಬಿಡಿಸಿದಾಗ, ನುಂಗಿದ್ದ ಗುಂಡುಸೂಜಿಯೊಂದು ಅದರೊಳಗಿದ್ದ ಅಪೆಂಡಿಕ್ಸನ್ನು ತೂತು ಮಾಡಿದ್ದು ಕಂಡಿತು. ಅರಿವಳಿಕೆ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬೇಕಿತ್ತು. ಆದರೂ ಹುಡುಗ ಬದುಕಿದ. ಮುಂದೆಯೂ ಬಲ ಕೆಳಹೊಟ್ಟೆಯ ಕೀವಿಗೆ ವೈದ್ಯರು ದೊಡ್ಡ ಕರುಳಿನ ಬುಡವನ್ನೇ ದೂರುತ್ತಿದ್ದರು. ಮೂಲ ಅಪೆಂಡಿಕ್ಸಿನಲ್ಲಿದೆ, ಬೇಗ ತೆಗೆಯಬೇಕು ಎಂದು 1886ರಲ್ಲಿ ವಾದಿಸಿದ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಸರ್ಜನ್ನರೇ ಅಲ್ಲ, ರೋಗಶಾಸ್ತ್ರಜ್ಞರು. 1902ರಲ್ಲಿ ಬ್ರಿಟನ್ನಿನ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಎರಡೇ ದಿನವಿರುವಾಗ ಸರ್ಜನ್ ಫ್ರೆಡರಿಕ್ ಟ್ರೀವ್ಸ್ ದೊರೆಯ ಹೊಟ್ಟೆ ಕೊಯ್ದು ಕೀವು ಬಸಿದರು. ಅಪೆಂಡಿಕ್ಸನ್ನು ಮಾತ್ರ ಹಾಗೇ ಬಿಟ್ಟರು. ಸಮಾರಂಭ ಆಗಸ್ಟ್‌ಗೆ ಹೋಯಿತು. ಸಣ್ಣ ತೂತುಗಳ ಮೂಲಕ ಅಪೆಂಡಿಕ್ಸ್ ತೆಗೆಯುವ ಲ್ಯಾಪರೊಸ್ಕೋಪ್ ವಿಧಾನ ಬಂದದ್ದು 1980ರಲ್ಲಿ, ಜರ್ಮನಿಯ ಸ್ತ್ರೀರೋಗತಜ್ಞ ಕುರ್ಟ್ ಸೆಮ್ ಕೈಯಿಂದ.