ತುಂಬಿದ ಕೊಡ, ತುಳುಕದ ಕ್ಯಾಮೆರಾ

ಫೋನ್ ಹಿಡಿದು ನಡೀತಾ ವಿಡಿಯೋ ಮಾಡಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ತೆಗೆಯುವಾಗ ಎಲ್ಲ ಚೆನ್ನಾಗಿಯೇ ಕಂಡಿರುತ್ತದೆ. ಮನೆಗೆ ಬಂದು ಟಿವಿಗೆ ಹಾಕಿದರೆ ಹಂಪಿಯ ಕಲ್ಲಿನ ರಥ ಹೊಂಡ ಬಿದ್ದ ರಸ್ತೆಯಲ್ಲಿ ಹೋಗುತ್ತಿರುವ ಹಾಗೆ ಕುಣಿಯುತ್ತಿರುತ್ತದೆ. ನಾವು ನಡೆಯುವಾಗ ನಮ್ಮ ಕಣ್ಣಿಗೆ ಲೋಕ ಹೀಗೆ ಕುಣಿಯೋದಿಲ್ಲ. ಹಾಗಾದರೆ ಕ್ಯಾಮೆರಾಗೆ ಮಾತ್ರ ಯಾಕೆ?

ಉತ್ತರ ನಮ್ಮ ಕಿವಿಯೊಳಗಿದೆ. ಒಳಕಿವಿಯ ಪುಟ್ಟ ನಾಳಗಳು ತಲೆ ಎತ್ತ ತಿರುಗಿತು ಅನ್ನೋದನ್ನು ಕ್ಷಣಕ್ಷಣಕ್ಕೂ ಅಳೆಯುತ್ತವೆ. ಅದಕ್ಕೆ ಸರಿಯಾಗಿ ಕಣ್ಣುಗುಡ್ಡೆ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಉಳಿದ ಅಲುಗಾಟವನ್ನು ಮಿದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾಗೆ ಈ ಯಾವ ಅನುಕೂಲವೂ ಇಲ್ಲ. ಅದು ನಮ್ಮ ತಲೆ ನಡೆದದ್ದನ್ನು ಹಿಡಿಯುತ್ತದೆ, ನಮ್ಮ ಮನಸ್ಸು ಕಂಡದ್ದನ್ನಲ್ಲ. ಈ ಎರಡರ ನಡುವಿನ ಅಂತರ ತುಂಬೋದಕ್ಕೆ ಸಿನಿಮಾದವರು ಎಂಬತ್ತು ವರ್ಷ ಒದ್ದಾಡಿದರು. ಇವತ್ತು ನಾವು ಕೆಲವು ಸಾವಿರ ರೂಪಾಯಿ ಕೊಟ್ಟು ತರಿಸಿಕೊಳ್ಳುವ ಗಿಂಬಲ್ ಆ ಕಥೆಯ ಇತ್ತೀಚಿನ ಅಧ್ಯಾಯ ಅಷ್ಟೆ.

1970ರ ದಶಕದವರೆಗೂ ಚಲಿಸುವ ಶಾಟ್ ಬೇಕು ಅಂದರೆ ಮುಖ್ಯವಾಗಿ ಎರಡು ದಾರಿ. ಒಂದು, ನಮ್ಮ ಸೆಟ್‌ಗಳಲ್ಲಿ ಟ್ರಾಲಿ ಅನ್ನುತ್ತಾರಲ್ಲ, ಅದು. ನೆಲದ ಮೇಲೆ ರೈಲಿನ ಹಳಿಯಂತೆ ಟ್ರ್ಯಾಕ್ ಹಾಸಿ, ಅದರ ಮೇಲೆ ಗಾಡಿ, ಗಾಡಿಯ ಮೇಲೆ ಕ್ಯಾಮೆರಾ, ತಳ್ಳೋದಕ್ಕೆ ಜನ. ಚಿತ್ರ ಬೆಣ್ಣೆಯ ಹಾಗೆ ಬರುತ್ತದೆ. ಆದರೆ ಮೆಟ್ಟಿಲು ಹತ್ತೋ ಹಾಗಿಲ್ಲ, ಕಿರಿದಾದ ಬಾಗಿಲು ದಾಟೋ ಹಾಗಿಲ್ಲ, ಟ್ರ್ಯಾಕ್ ಫ್ರೇಮಿನೊಳಗೆ ಕಾಣೋ ಹಾಗಿಲ್ಲ. ಇನ್ನೊಂದು ದಾರಿ, ಕ್ಯಾಮೆರಾ ಹೆಗಲ ಮೇಲೆ ಹೊತ್ತು ನಡೆಯೋದು. ಆಗ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಪ್ರತಿ ಹೆಜ್ಜೆಯೂ ಪರದೆ ಮೇಲೆ ಕಾಣುತ್ತದೆ. ನುಣುಪು ಬೇಕಾ, ಸ್ವಾತಂತ್ರ್ಯ ಬೇಕಾ, ಒಂದನ್ನು ಆರಿಸಿಕೊಳ್ಳಿ.

ಎರಡೂ ಬೇಕು ಅಂತ ಹಟ ಹಿಡಿದವರು ಅಮೆರಿಕದ ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್. 1942ರಲ್ಲಿ ಹುಟ್ಟಿದ ಇವರು ಇಂಜಿನಿಯರ್ ಅಲ್ಲ, ಹಾಲಿವುಡ್‌ನವರೂ ಅಲ್ಲ. ಜಾನಪದ ಹಾಡುಗಾರರಾಗಿದ್ದರು. ಆಮೇಲೆ ಫೋಕ್ಸ್‌ವ್ಯಾಗನ್ ಕಾರು ಮಾರಿದರು. ಜಾಹೀರಾತು ಬರೆದರು. ಸಿನಿಮಾ ತೆಗೆಯೋದನ್ನು ಲೈಬ್ರರಿಯ ಹಳೆಯ ಪುಸ್ತಕ ಓದಿ ಕಲಿತರು. ಸಣ್ಣ ಕಂಪನಿ ಮಾಡಿಕೊಂಡು ಒಂದು ಹಳೇ ಟ್ರಾಲಿ ಕೊಂಡರು. ಅದರ ತೂಕ ಸುಮಾರು 360 ಕೆಜಿ! ಒಂದು ಜಾಹೀರಾತಿಗೆ ಅದನ್ನು ಅಲ್ಲಿಂದ ಇಲ್ಲಿಗೆ ಎಳೆದಾಡಿ ಸಾಕಾದ ಮೇಲೆ, ಈ ಗಾಡಿ ಇಲ್ಲದೆ ಇದೇ ಕೆಲಸ ಹೇಗೆ ಮಾಡೋದು ಅನ್ನುವ ಯೋಚನೆ ತಲೆಗೆ ಹೊಕ್ಕಿತು.

ಇಲ್ಲಿ ನನಗೆ ನಮ್ಮ ಗಾದೆ ನೆನಪಾಗುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ. ದೊಡ್ಡವರ ವಿನಯದ ಬಗ್ಗೆ ಹೇಳುವಾಗ ಇದನ್ನು ಬಳಸುತ್ತೇವೆ, ಆದರೆ ಇದರಲ್ಲಿ ಅಪ್ಪಟ ಭೌತಶಾಸ್ತ್ರವೂ ಇದೆ. ಭಾರವಾದ ವಸ್ತು ಸಣ್ಣಪುಟ್ಟ ತಳ್ಳಾಟಕ್ಕೆ ಜಗ್ಗೋದಿಲ್ಲ. ಆ ಭಾರ ಒಂದೇ ಕಡೆ ಗುಡ್ಡೆಯಾಗಿರದೆ ದೂರ ದೂರ ಹಂಚಿಕೊಂಡಿದ್ದರೆ ಅದನ್ನು ತಿರುಗಿಸೋದು ಇನ್ನೂ ಕಷ್ಟ. ಹಗ್ಗದ ಮೇಲೆ ನಡೆಯುವ ಹುಡುಗಿಯ ಕೈಯಲ್ಲಿ ಉದ್ದನೆಯ ಕೋಲು ಇರುವುದು ಇದಕ್ಕೇ.

ಬ್ರೌನ್ ಮಾಡಿದ್ದೂ ಇದನ್ನೇ. ಮೊದಲು ಕೊಳವೆಗಳನ್ನು ಜೋಡಿಸಿ, ಒಂದು ತುದಿಗೆ ಕ್ಯಾಮೆರಾ, ಇನ್ನೊಂದು ತುದಿಗೆ ಭಾರ ಕಟ್ಟಿ ನೋಡಿದರು. ಚಿತ್ರ ನಿಂತಿತು, ಕೈ ಬಿದ್ದುಹೋಯಿತು. ಅಷ್ಟು ಭಾರ ಕೈಯಲ್ಲಿ ಎಷ್ಟು ಹೊತ್ತು ಹಿಡಿಯೋದು? ಕೊನೆಗೆ 1973ರಲ್ಲಿ ಒಂದು ಮೋಟೆಲ್‌ನಲ್ಲಿ ರೂಮು ಹಿಡಿದು, ಸುಮಾರು ಒಂದು ವಾರ ಬಾಗಿಲು ಹಾಕಿಕೊಂಡು ಕೂತರು. ಹೊರಗೆ ಬರುವಾಗ ಅವರ ಬಳಿ ಮೂರು ಭಾಗದ ಒಂದು ವಿನ್ಯಾಸ ಇತ್ತು.

ಮೊದಲನೆಯದು, ಎದೆ ಸೊಂಟಕ್ಕೆ ಬಿಗಿಯುವ ಕವಚ. ಭಾರವನ್ನು ಕೈಯಿಂದ ತೆಗೆದು ಇಡೀ ಮೈಗೆ ಹಂಚೋದಕ್ಕೆ. ಎರಡನೆಯದು, ಸ್ಪ್ರಿಂಗ್ ಇರುವ ತೋಳು. ಓದುವ ಮೇಜಿನ ಮೇಲೆ ಹೇಗೆ ಎಳೆದರೆ ಹಾಗೆ ನಿಲ್ಲುವ ಲ್ಯಾಂಪ್ ಇರುತ್ತದಲ್ಲ, ಅದೇ ತತ್ವ. ಹೆಜ್ಜೆ ಇಟ್ಟಾಗ ಮೈ ಮೇಲೆ ಕೆಳಗೆ ಆದರೂ ಆ ಕುಲುಕಾಟವನ್ನು ತೋಳು ನುಂಗುತ್ತದೆ. ಮೂರನೆಯದು ಒಂದು ಕಂಬ. ಮೇಲೆ ಕ್ಯಾಮೆರಾ, ಕೆಳಗೆ ಬ್ಯಾಟರಿ ಮತ್ತು ಪುಟ್ಟ ಮಾನಿಟರ್. ತೂಕದ ನಡುಬಿಂದುವಿಗಿಂತ ಒಂಚೂರು ಮೇಲೆ, ಎಲ್ಲ ದಿಕ್ಕಿಗೂ ತಿರುಗುವ ಒಂದು ಕೀಲು. ಆ ಕೀಲಿನ ಹೆಸರೇ ಗಿಂಬಲ್. ಅಲ್ಲಿ ಎರಡು ಬೆರಳಿನಲ್ಲಿ ಮುಟ್ಟಿದರೆ ಸಾಕು, ಅಷ್ಟು ದೊಡ್ಡ ಕ್ಯಾಮೆರಾ ಹೇಳಿದ ಕಡೆ ತಿರುಗುತ್ತದೆ. ಇದರಲ್ಲಿ ಮೋಟಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಬರೀ ತೂಕ, ಸ್ಪ್ರಿಂಗ್ ಮತ್ತು ಮನುಷ್ಯ.

1974ರಲ್ಲಿ ಬ್ರೌನ್ ಈ ಯಂತ್ರ ತೋರಿಸದೆಯೇ ಅದರಿಂದ ತೆಗೆದ ಶಾಟ್‌ಗಳ ಒಂದು ರೀಲು ಮಾಡಿದರು. ಹೇಗೆ ತೆಗೆದರು ಅಂತ ಯಾರಿಗೂ ಹೊಳೆಯಬಾರದು, ಅದೇ ಉದ್ದೇಶ. ರೀಲು ಲಂಡನ್ನಿನಲ್ಲಿದ್ದ ಸ್ಟ್ಯಾನ್ಲಿ ಕ್ಯೂಬ್ರಿಕ್ ಕೈಗೂ ಹೋಯಿತು. ಅವರಿಂದ ಟೆಲೆಕ್ಸ್ ಬಂತು. ಹೊಗಳಿಕೆಯ ಜೊತೆ ಒಂದು ಎಚ್ಚರಿಕೆ ಇತ್ತು: ನಿಮ್ಮ ಯಂತ್ರದ ಗುಟ್ಟು ಉಳಿಯಬೇಕಾದರೆ ಕೆಲವು ಫ್ರೇಮ್ ಕತ್ತರಿಸಿ, ನೆಲದ ಮೇಲೆ ಅದರ ನೆರಳು ಬಿದ್ದಿದೆ. ಬೇರೆ ಯಾರ ಕಣ್ಣಿಗೂ ಬೀಳದ ನೆರಳು!

ಅದೇ ರೀಲಿನಲ್ಲಿ ಬ್ರೌನ್ ಅವರ ಗೆಳತಿ ಫಿಲಡೆಲ್ಫಿಯಾದ ಕಲಾ ಮ್ಯೂಸಿಯಂನ ಮೆಟ್ಟಿಲುಗಳ ಮೇಲೆ ಓಡುವ ಒಂದು ಶಾಟ್ ಇತ್ತು. ಬ್ರೌನ್ ಹಿಂದೆಯೇ ಓಡಿದ್ದರು, ಚಿತ್ರ ಒಂದಿಷ್ಟೂ ಅಲುಗಿರಲಿಲ್ಲ. ಅದನ್ನು ನೋಡಿದ ನಿರ್ದೇಶಕ ಜಾನ್ ಆವಿಲ್ಡ್‌ಸನ್ ಕೇಳಿದ್ದು ಎರಡು ಪ್ರಶ್ನೆ. ಇದನ್ನು ಹೇಗೆ ತೆಗೆದಿರಿ? ಈ ಮೆಟ್ಟಿಲು ಎಲ್ಲಿದೆ? ಎರಡನೇ ಪ್ರಶ್ನೆಯ ಉತ್ತರ ನಿಮಗೆ ಗೊತ್ತೇ ಇದೆ. 1976ರ 'ರಾಕಿ'ಯಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಓಡಿ ಹತ್ತಿ ಕೈ ಎತ್ತುವುದು ಆ 72 ಮೆಟ್ಟಿಲುಗಳನ್ನೇ. ಇವತ್ತು ಆ ಊರಿಗೆ ಹೋದವರೆಲ್ಲ ಹತ್ತಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಅದೇ ಹೊತ್ತಿಗೆ ಸಿನಿಮಾ ಪ್ರಾಡಕ್ಟ್ಸ್ ಕಂಪನಿ ಈ ಯಂತ್ರವನ್ನು ಸ್ಟೆಡಿಕ್ಯಾಮ್ ಹೆಸರಿನಲ್ಲಿ ತಯಾರಿಸಲು ಮುಂದಾಯಿತು. ಅದು ಮೊದಲು ಬಳಕೆಯಾದ ಸಿನಿಮಾ ಹಾಲ್ ಆ್ಯಶ್ಬಿಯವರ 'ಬೌಂಡ್ ಫಾರ್ ಗ್ಲೋರಿ'. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್. ಯಂತ್ರ ತೊಟ್ಟ ಬ್ರೌನ್ ಎತ್ತರದ ಕ್ರೇನ್ ಮೇಲೆ ಕೂತಿದ್ದಾರೆ. ಕ್ರೇನ್ ನಿಧಾನಕ್ಕೆ ಕೆಳಗಿಳಿಯುತ್ತದೆ. ಅವರು ಅದರಿಂದ ಇಳಿದು, ಸುಮಾರು 900 ಮಂದಿ ತುಂಬಿದ್ದ ವಲಸೆ ಕಾರ್ಮಿಕರ ಶಿಬಿರದೊಳಗೆ ನಾಯಕನ ಜೊತೆ ನಡೆದು ಹೋಗುತ್ತಾರೆ. ನಡುವೆ ಒಂದೇ ಒಂದು ಕಟ್ ಇಲ್ಲ. ಆಕಾಶದಲ್ಲಿದ್ದ ಕಣ್ಣು ನೆಲಕ್ಕಿಳಿದು ಜನರ ನಡುವೆ ಒಬ್ಬನಾಗುತ್ತದೆ. ಆ ಸಿನಿಮಾಕ್ಕೆ ಛಾಯಾಗ್ರಹಣದ ಆಸ್ಕರ್ ಬಂತು. 1977ರ ಏಪ್ರಿಲ್‌ನಲ್ಲಿ ಬ್ರೌನ್ ಅವರಿಗೆ ಪೇಟೆಂಟ್ ಸಿಕ್ಕಿತು, 1978ರಲ್ಲಿ ಅವರಿಗೂ ಕಂಪನಿಗೂ ತಾಂತ್ರಿಕ ಸಾಧನೆಗಾಗಿ ಆಸ್ಕರ್.

ಇಲ್ಲಿಗೆ ಇದು ಯಂತ್ರದ ಕಥೆ. ಆದರೆ ನನಗೆ ಹೆಚ್ಚು ಇಷ್ಟವಾಗುವುದು ಇದರ ಇನ್ನೊಂದು ಮುಖ. ಅದು ನಡೆದವರ ಕಥೆ.

ಕ್ಯೂಬ್ರಿಕ್ ಅವರ 'ದಿ ಶೈನಿಂಗ್' (1980) ನೋಡಿ. ಹುಡುಗ ಮೂರು ಚಕ್ರದ ಸೈಕಲ್ ತುಳಿಯುತ್ತಾ ಹೋಟೆಲಿನ ಖಾಲಿ ಕಾರಿಡಾರ್‌ಗಳಲ್ಲಿ ಹೋಗುತ್ತಾನೆ. ಕ್ಯಾಮೆರಾ ನೆಲದಿಂದ ಗೇಣು ಎತ್ತರದಲ್ಲಿ ಅವನ ಬೆನ್ನಿಗೇ ತೇಲುತ್ತದೆ. ಅದಕ್ಕಾಗಿ ಬ್ರೌನ್ ಕ್ಯಾಮೆರಾವನ್ನು ಕಂಬದ ಕೆಳತುದಿಗೆ ಇಳಿಸಿದ್ದರು, ತಾವು ಗಾಲಿಕುರ್ಚಿಯಲ್ಲಿ ಕೂತಿದ್ದರು. ಕೊನೆಯಲ್ಲಿ ಹಿಮ ತುಂಬಿದ ಗಿಡಗಳ ಚಕ್ರವ್ಯೂಹ. ಹಿಮ ಅಂದರೆ ಸೆಟ್‌ನಲ್ಲಿ ಸುರಿದ ಉಪ್ಪು. ಅಲ್ಲಿ ಹುಡುಗನ ಹೆಜ್ಜೆಗುರುತನ್ನು ಕ್ಯಾಮೆರಾ ಹಿಂಬಾಲಿಸಬೇಕು, ಆದರೆ ಕ್ಯಾಮೆರಾದವನ ಹೆಜ್ಜೆ ಮೂಡಬಾರದು. ಏನು ಮಾಡಿದರು ಗೊತ್ತಾ? ಮರಗಾಲಿನಂಥ ಕಟ್ಟಿಗೆಗಳ ತಳಕ್ಕೆ ಹುಡುಗನ ಅಳತೆಯ ಬೂಟು ಹೊಡೆದು, ಅದನ್ನು ತೊಟ್ಟು ಬ್ರೌನ್ ಅವನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ನಡೆದರು. ನಾವು ಪರದೆಯಲ್ಲಿ ನೋಡಿ ಹೆದರುವುದು ಒಂದು ದೆವ್ವದಂಥ ನೋಟಕ್ಕೆ. ಅದರ ಹಿಂದೆ ಇದ್ದದ್ದು ಮಗುವಿನ ಬೂಟಿನ ಮೇಲೆ ತೂಗಾಡದೆ ನಿಂತ ದೊಡ್ಡ ಮನುಷ್ಯ.

'ರಿಟರ್ನ್ ಆಫ್ ದಿ ಜೆಡೈ'ನಲ್ಲಿ (1983) ಕಾಡಿನ ಮರಗಳ ನಡುವೆ ಬೈಕುಗಳು ಗಾಳಿಯಲ್ಲಿ ಹಾರುತ್ತವಲ್ಲ? ಆ ವೇಗದ ಹಿನ್ನೆಲೆಯೂ ನಡೆದು ತೆಗೆದದ್ದೇ. ಸೆಕೆಂಡಿಗೆ ಒಂದಕ್ಕೂ ಕಡಿಮೆ ಫ್ರೇಮ್ ತೆಗೆಯುತ್ತಾ ಬ್ರೌನ್ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಮೆಲ್ಲಗೆ ನಡೆದರು. ಸೆಕೆಂಡಿಗೆ 24 ಫ್ರೇಮ್‌ನಂತೆ ಓಡಿಸಿದಾಗ ಆ ವಾಕಿಂಗೇ ರಾಕೆಟ್ ಆಯಿತು.

ಮಾರ್ಟಿನ್ ಸ್ಕಾರ್ಸೆಸಿಯವರ 'ಗುಡ್‌ಫೆಲಾಸ್' (1990) ನೆನಪಿಸಿಕೊಳ್ಳಿ. ನಾಯಕ ನಾಯಕಿ ಬೀದಿಯಿಂದ ಕ್ಲಬ್ಬಿನ ಪಕ್ಕದ ಬಾಗಿಲಿನಲ್ಲಿ ಇಳಿದು, ಅಡುಗೆಮನೆ ದಾಟಿ, ವೇದಿಕೆಯ ಮುಂದಿನ ಮೇಜಿನವರೆಗೆ ಬರುವ ಸುಮಾರು ಮೂರು ನಿಮಿಷದ ಒಂದೇ ಶಾಟ್. ಸಿನಿಮಾ ಹುಚ್ಚಿನವರು ಅದನ್ನು ಸ್ಕಾರ್ಸೆಸಿ ಶಾಟ್ ಅಂತಲೇ ಕರೆಯುತ್ತಾರೆ. ಯಂತ್ರ ಹೊತ್ತು ನಡೆದ ಲ್ಯಾರಿ ಮೆಕಾಂಕಿ ಹೆಸರು ಎಷ್ಟು ಜನಕ್ಕೆ ಗೊತ್ತು?

ಎಲ್ಲಕ್ಕಿಂತ ದೊಡ್ಡ ನಡಿಗೆ ರಷ್ಯಾದಲ್ಲಿ ಆಯಿತು. 2001ರ ಡಿಸೆಂಬರ್ 23, ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂ. ಅಲೆಕ್ಸಾಂಡರ್ ಸೊಕುರೊವ್ ನಿರ್ದೇಶನದ 'ರಷ್ಯನ್ ಆರ್ಕ್' ಇಡೀ ಸಿನಿಮಾ ಒಂದೇ ಶಾಟ್. 33 ಕೋಣೆ, ಎರಡು ಸಾವಿರದಷ್ಟು ನಟರು, ಕೈಯಲ್ಲಿದ್ದದ್ದು ಒಂದೇ ದಿನ. ಅದೂ ಚಳಿಗಾಲದ ಕೆಲವೇ ಗಂಟೆಗಳ ಬೆಳಕು. ಮೊದಲ ಮೂರು ಪ್ರಯತ್ನ ತಾಂತ್ರಿಕ ತೊಂದರೆಯಿಂದ ಅರ್ಧಕ್ಕೇ ನಿಂತವು. ನಾಲ್ಕನೆಯದರಲ್ಲಿ ಟಿಲ್‌ಮನ್ ಬ್ಯೂಟ್ನರ್ 30 ಕೆಜಿಗೂ ಮಿಕ್ಕ ಭಾರ ಹೊತ್ತು ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಎಲ್ಲೂ ನಿಲ್ಲಿಸದೆ ತೆಗೆದು ಮುಗಿಸಿದರು. ಮೂರು ಸಲ ಸೋತ ಮೇಲೆ ಮತ್ತೆ ಆ ಭಾರವನ್ನು ಮೈಗೆ ಬಿಗಿದುಕೊಂಡ ಕ್ಷಣದಲ್ಲಿ ಅವರ ಬೆನ್ನು ಏನು ಹೇಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನಮ್ಮ ಕಾಲಕ್ಕೆ ಬರೋಣ. 2013ರಲ್ಲಿ ಫ್ರೀಫ್ಲೈ ಕಂಪನಿಯ ಮೋವಿ ಬಂತು, 2015ರಲ್ಲಿ ಡಿಜೆಐ ಓಸ್ಮೋ, ಮರುವರ್ಷ ಫೋನ್‌ಗೇ ಅಂತ ಮಾಡಿದ ಓಸ್ಮೋ. ಡ್ರೋನ್‌ಗಳ ಹೊಟ್ಟೆ ಕೆಳಗಿದ್ದ ತಂತ್ರಜ್ಞಾನ ಕೈಗೆ ಇಳಿಯಿತು. ಇದರೊಳಗೆ ಒಂದು ಪುಟ್ಟ ಸೆನ್ಸರ್ ತಿರುವನ್ನು ಸತತವಾಗಿ ಅಳೆಯುತ್ತದೆ, ಮೂರು ಮೋಟಾರು ತಕ್ಷಣ ಉಲ್ಟಾ ತಿರುಗಿ ಸರಿ ಮಾಡುತ್ತವೆ. ಒಳಕಿವಿ ಮತ್ತು ಕಣ್ಣುಗುಡ್ಡೆ ಮಾಡುವ ಕೆಲಸವೇ. ಭಾರ ಹೊರಬೇಕಿಲ್ಲ. ಅರ್ಧ ಕೆಜಿಯ ಕಡ್ಡಿ ಸಾಕು.

ಆದರೆ ಒಂದು ಸೂಕ್ಷ್ಮ ಇದೆ. ಗಿಂಬಲ್ ಸರಿಪಡಿಸುವುದು ತಿರುಗಾಟವನ್ನು ಮಾತ್ರ: ಎಡಬಲ, ಮೇಲೆಕೆಳಗೆ ಬಾಗುವುದು, ವಾಲುವುದು. ಹೆಜ್ಜೆ ಇಟ್ಟಾಗ ಇಡೀ ಕೈಯೇ ಮೇಲೆದ್ದು ಕೆಳಗಿಳಿಯುತ್ತದಲ್ಲ, ಅದಕ್ಕೆ ಮೂರು ಮೋಟಾರಿನಲ್ಲಿ ಉತ್ತರ ಇಲ್ಲ. ಬ್ರೌನ್ ಅವರ ಸ್ಪ್ರಿಂಗ್ ತೋಳು ಮಾಡುತ್ತಿದ್ದದ್ದು ಆ ಕೆಲಸ. ದೂರದ ಬೆಟ್ಟ ತೆಗೆಯುವಾಗ ಇದು ಕಾಣೋದಿಲ್ಲ. ಹತ್ತಿರದಲ್ಲಿ ಕಂಬ, ಬಾಗಿಲು, ಮುಖ ಇದ್ದರೆ ಚಿತ್ರ ದೋಣಿಯ ಹಾಗೆ ಏಳುತ್ತಾ ಬೀಳುತ್ತಾ ಹೋಗುತ್ತದೆ. ಫೋನಿನ ಸಾಫ್ಟ್‌ವೇರ್ ಅಂಚು ಕತ್ತರಿಸಿ ಒಂದಿಷ್ಟು ಮುಚ್ಚುತ್ತದೆ. ಉಳಿದದ್ದನ್ನು ಕಾಲೇ ಮಾಡಬೇಕು.

ಅಂದರೆ ಕಥೆ ಸುತ್ತಿ ನಡಿಗೆಗೇ ಬಂತು. ಮೊದಲು ಫೋನನ್ನು ಗಿಂಬಲ್ ಮೇಲೆ ಸರಿಯಾಗಿ ತೂಗಿಸಿ ಕೂರಿಸಿ, ಆಮೇಲೆ ಸ್ವಿಚ್ ಒತ್ತಿ. ಇಲ್ಲದಿದ್ದರೆ ಮೋಟಾರು ಭಾರ ಎತ್ತುವುದರಲ್ಲೇ ಸುಸ್ತಾಗುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ. ಹಿಮ್ಮಡಿಯಿಂದ ಬೆರಳ ತುದಿಗೆ ಪಾದ ಉರುಳಲಿ. ಮೊಣಕೈ ಸಡಿಲ ಇರಲಿ. ಕಣ್ಣು ಸ್ಕ್ರೀನಿನ ಮೇಲಷ್ಟೇ ಅಲ್ಲ, ದಾರಿಯ ಮೇಲೂ ಇರಲಿ. ನಮ್ಮಜ್ಜಿ ತಲೆ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಕೊಡ ಇಟ್ಟು ನಡೆಯುತ್ತಿದ್ದದ್ದೂ ಹೀಗೆಯೇ. ಕತ್ತು ನೆಟ್ಟಗೆ, ಅಲುಗಾಟವೆಲ್ಲ ಸೊಂಟದಿಂದ ಕೆಳಗೆ. ಅವರಿಗೆ ಯಾರೂ ಟ್ಯುಟೋರಿಯಲ್ ತೋರಿಸಿರಲಿಲ್ಲ.

ಹೋದ ತಿಂಗಳು ಒಂದು ಮದುವೆಯಲ್ಲಿ ವಿಡಿಯೋ ಹುಡುಗನನ್ನು ಗಮನಿಸುತ್ತಿದ್ದೆ. ದೊಡ್ಡ ಕ್ಯಾಮೆರಾ ಹೊತ್ತ ಗಿಂಬಲ್ ಎರಡೂ ಕೈಯಲ್ಲಿ ಹಿಡಿದು, ಹೆಣ್ಣು ಗಂಡಿನ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದ. ವೈರು, ಚೆಲ್ಲಿದ ಅಕ್ಷತೆ, ಕಾಲಿಗೆ ಸಿಗುವ ಮಕ್ಕಳು, ಎಲ್ಲವನ್ನೂ ನೋಡದೆಯೇ ದಾಟುತ್ತಿದ್ದ. ಮುಹೂರ್ತ ಮುಗಿದ ಮೇಲೆ ಕಂಬಕ್ಕೊರಗಿ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದ. ಊಟ ಆಯ್ತೇನಪ್ಪಾ ಅಂದೆ. "ಕೊನೇ ಪಂಕ್ತಿ ಸಾರ್, ಇನ್ನೂ ಊಟದ ಶಾಟ್ಸ್ ಇದೆ" ಅಂದ. ಆ ಮದುವೆಯ ವಿಡಿಯೋದಲ್ಲಿ ಬಂದವರೆಲ್ಲ ಇರುತ್ತಾರೆ, ಅವನೊಬ್ಬನನ್ನು ಬಿಟ್ಟು.

ಕೆಲಸ ಚೆನ್ನಾಗಿ ಆದಷ್ಟೂ ಕೆಲಸ ಮಾಡಿದವನು ಕಾಣದೇ ಹೋಗುವ ಕಸುಬು ಇದು. ಒಂದು ಸಲ ಎಡವಿದರೆ ಮಾತ್ರ ಎಲ್ಲರ ಕಣ್ಣೂ ಅವನ ಮೇಲೆ. ಅದಕ್ಕೇ ನಾನೀಗ ಸಿನಿಮಾ ಮುಗಿದ ಮೇಲೆ ಹೆಸರುಗಳು ಉರುಳುವಾಗ ಸೀಟು ಬಿಟ್ಟು ಏಳೋದಿಲ್ಲ. ಪಟ್ಟಿಯಲ್ಲಿ ಎಲ್ಲೋ ಕೆಳಗೆ ಸ್ಟೆಡಿಕ್ಯಾಮ್ ಆಪರೇಟರ್ ಅಂತ ಬರುತ್ತದೆ. ಒಂದೆರಡು ಸೆಕೆಂಡು ಇರುತ್ತದೆ ಅಷ್ಟೆ. ಆ ಹೆಸರನ್ನು ಓದಿಕೊಂಡು ಹೊರಡುತ್ತೇನೆ.